ತೊಳೆದ ಮೀನು

ಬಸವನಗುಡಿ
12 ಮಾರ್ಚ್ 2024

ಡಾಕ್ಟರ್ ಶಿವಕುಮಾರಿ ಅವರಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಳಾಸವನ್ನು ನಿಮ್ಮ ಹಳೆಯ ಆಫೀಸಿನಲ್ಲಿ ಕೇಳಿ ಪಡೆದೆ. ನೀವು ಈಗ ಜೊಯಿಡಾ ದಾಟಿ ಕಾಡಿನೊಳಗೆ ದನಗಳಿಗೆ ಲಸಿಕೆ ಹಾಕಿಕೊಂಡು ಊರೂರು ಸುತ್ತುತ್ತಿದ್ದೀರಿ, ಅಲ್ಲಿ ಫೋನ್ ಸಿಗುವುದಿಲ್ಲ, ಕಾಗದ ಹಾಕಿದರೆ ಗುರುವಾರದ ಜೀಪಿನಲ್ಲಿ ತಲುಪುತ್ತದೆ ಎಂದರು. ನಮ್ಮ ಕೆಳಗಿನ ಮನೆಯಲ್ಲಿ ಆರು ವರ್ಷ ಬಾಡಿಗೆಗಿದ್ದವರ ವಿಳಾಸವನ್ನು ಹೀಗೆ ಯಾರನ್ನೋ ಕೇಳಬೇಕಾಗಿ ಬಂದದ್ದು ನನಗೇ ವಿಚಿತ್ರವಾಗಿ ಕಂಡಿತು.

ವಿಷಯ ಇಷ್ಟೇ. ಲೈಬ್ರರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಗೆ ಗರುಡನ ಮರಿಯೊಂದು ಬಂದಿದೆ. ಅವರ ಪಕ್ಕದ ಬಂಗಲೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ತೆಂಗಿನಮರ ಕಡಿದಾಗ ಗೂಡು ಸಮೇತ ಕೆಳಗೆ ಬಿತ್ತಂತೆ. ದೊಡ್ಡ ಹಕ್ಕಿಗಳು ಮೇಲೆ ಸುತ್ತುತ್ತ ಕೂಗಿದುವಂತೆ, ಆಮೇಲೆ ಕಾಣಲಿಲ್ಲವಂತೆ. ಮೈಮೇಲೆ ಕಂದು ಗರಿ ಬರುತ್ತಿದೆ, ತಲೆಯ ಮೇಲೆ ಮಾತ್ರ ಇನ್ನೂ ಹತ್ತಿಯಂಥ ತುಪ್ಪುಳ. ಮನೆಯವರು ಶುದ್ಧ ಸಸ್ಯಾಹಾರಿಗಳು. ಹಾಲನ್ನ ಕೊಟ್ಟರೆ ಮುಟ್ಟಲಿಲ್ಲ, ಪನೀರ್ ಕೊಟ್ಟರೆ ಉಗುಳಿತು. ಏನು ತಿನ್ನಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಮೊದಲು ಇಲ್ಲಿ ಗಾಯಗೊಂಡ ಹಕ್ಕಿಗಳನ್ನೆಲ್ಲ ನೀವೇ ನೋಡುತ್ತಿದ್ದಿರಲ್ಲ, ಬೇರೆ ಯಾರೂ ನೆನಪಿಗೆ ಬರಲಿಲ್ಲ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ.

ಮಾಧವಿ


ಕ್ಯಾಂಪು
21 ಮಾರ್ಚ್ 2024

ಮಾಧವಿ,

ಮೆಟ್ಟಿಲ ಮೇಲಿಂದ "ಏನೇ, ಕಾಫಿ ಆಯ್ತೇನೇ" ಎಂದು ಕೂಗುತ್ತಿದ್ದವಳು ಈಗ ಡಾಕ್ಟರ್, ನೀವು, ಅವರು ಎಂದು ಬರೆದಿದ್ದೀಯ. ಓದಿ ಮೊದಲು ನಗು ಬಂತು. ಆಮೇಲೆ ಬೇಜಾರಾಯಿತು.

ಜೊತೆಯಲ್ಲಿ ಕೆಲಸ ಮಾಡುವವರ ಮನೆಯಂತೆ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು. ತುಪ್ಪುಳ ಹತ್ತಿಯ ಹಾಗಿದೆ ಎಂದು ಕೇಳಿದವರು ಬರೆಯುವುದಿಲ್ಲ, ಮುಟ್ಟಿದವರು ಬರೆಯುತ್ತಾರೆ. ಮರಿ ನಿನ್ನ ಮನೆಯಲ್ಲೇ ಇದೆ.

ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಕಾನೂನಿಗೆ ವಿರುದ್ಧ. ಕಾನೂನು ಹಾಳಾಗಲಿ, ಅದಕ್ಕೇ ಒಳ್ಳೆಯದಲ್ಲ. ಗರುಡನ ಮರಿ ಒಂಟಿಯಾಗಿ ಮನುಷ್ಯರ ಕೈಯಲ್ಲಿ ಬೆಳೆದರೆ ತಾನೂ ಮನುಷ್ಯನೇ ಅಂದುಕೊಳ್ಳುತ್ತದೆ. ಸಮರ್ಥ ಎಂಬ ಹುಡುಗ ನನ್ನ ಹತ್ತಿರ ಕೆಲಸ ಕಲಿತವನು, ಈಗ ಊರಾಚೆಯ ಹಕ್ಕಿ ಆಸ್ಪತ್ರೆಯಲ್ಲಿ ಡಾಕ್ಟರು. ನಂಬರು ಹಿಂದಿನ ಪುಟದಲ್ಲಿದೆ. ಫೋನ್ ಮಾಡು, ಅವನೇ ಬಂದು ತೆಗೆದುಕೊಂಡು ಹೋಗುತ್ತಾನೆ.

ಅಲ್ಲಿಯವರೆಗೆ ಮೀನು ಕೊಡು, ಕೋಳಿ ಕೊಡು. ಬರೀ ಮೀನಿನಲ್ಲಿ ನಿಲ್ಲಬೇಡ. ಮುಳ್ಳು, ಮೂಳೆ, ಲಿವರ್, ಕರುಳು ಎಲ್ಲ ಸೇರಿರಬೇಕು. ಅದರ ಊಟ ನಿನ್ನ ಕಣ್ಣಿಗೆ ಚೆನ್ನಾಗಿ ಕಾಣಬೇಕಾಗಿಲ್ಲ.

ಒಂದು ಕುತೂಹಲ. ನಿಮ್ಮಮ್ಮ ಜಾನಕಮ್ಮನವರು ಮೀನನ್ನು ಮನೆಯೊಳಗೆ ಬಿಟ್ಟರೇ? ನಾನು ಟೈಫಾಯಿಡ್‌ನಿಂದ ಎದ್ದು ಒಂದು ಮೊಟ್ಟೆ ಬೇಯಿಸಿಕೊಂಡೆ ಅಂತ ಮನೆ ಖಾಲಿ ಮಾಡಿಸಿದವರು ಅವರು. ಹೋಗಲಿ, ಗರುಡನ ಲೆಕ್ಕ ಬೇರೆ, ಅವನ ಮೇಲೆ ಸಾಕ್ಷಾತ್ ವಿಷ್ಣುವೇ ಕೂರುತ್ತಾನೆ. ನಾನು ಮಾಗಡಿ ಕಡೆ ಗೌಡರ ಮಗಳು, ನನ್ನ ಮೇಲೆ ಯಾವ ದೇವರೂ ಸವಾರಿ ಮಾಡಲಿಲ್ಲ. ಅವರ ಮಂಡಿನೋವು ಈಗ ಹೇಗಿದೆ?

ಶಿವಕುಮಾರಿ


ಬಸವನಗುಡಿ
28 ಮಾರ್ಚ್ 2024

ಕುಮಾರಿ,

ಸಿಕ್ಕಿಬಿದ್ದೆ. ಹೌದು, ನನ್ನ ಹತ್ತಿರವೇ ಇದೆ, ಮಹಡಿಯ ಹಿಂದಿನ ಕೋಣೆಯಲ್ಲಿ. ಅಮ್ಮನದೇನೂ ಅಭ್ಯಂತರವಿಲ್ಲ.

ಮೀನಿನ ಕಥೆ ಕೇಳು. ಕಲಾಸಿಪಾಳ್ಯದ ಹಿಂದಿನ ಬೀದಿಯಲ್ಲಿ ಮರಿಯಣ್ಣ ಎಂಬುವನ ಅಂಗಡಿ ಇದೆ, ಒಂದು ಕಡೆ ಮೀನು, ಇನ್ನೊಂದು ಕಡೆ ಕೋಳಿ. ಆಟೋದಲ್ಲಿ ಹೋಗಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಳ್ಳಿಯ ಹಾಗೆ ನಿಂತೆ. ತರುವುದು ಯಾವುದರಲ್ಲಿ? ಮನೆಯಲ್ಲಿ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯ ಕೈಚೀಲವೊಂದಿತ್ತು, ದಪ್ಪ ಕಾಗದದ್ದು, ಮೇಲೆ ಬಂಗಾರದ ಬಣ್ಣದ ಗಣಪತಿ. ಅದರೊಳಗೆ ಮೀನು. ಎದುರು ಮನೆಯ ಕಲ್ಯಾಣಮ್ಮ ಗೇಟಿನಲ್ಲೇ ಹಿಡಿದರು, "ಮಾಧವಿ, ಕೊನೆಗೂ ಆಯ್ತೇನೇ? ಹುಡುಗ ಯಾವ ಕಡೆಯವ್ರು?" ಎಂದು ಕೇಳಿದರು. ನಲವತ್ತೇಳು ವರ್ಷದವಳಿಗೆ ಹುಡುಗ! ಇನ್ನೂ ಮಾತುಕತೆ ನಡೀತಿದೆ ಎಂದು ಹೇಳಿ ಮೇಲೆ ಓಡಿಬಂದೆ. ಆವತ್ತಿನಿಂದ ನನ್ನನ್ನು ಕಂಡರೆ ಅವರ ಮುಖ ಅರಳುತ್ತದೆ.

ನೀನು ಬಿಟ್ಟುಹೋದ ಹಳೆಯ ಫ್ರಿಜ್ಜು ಕೆಳಗಿನ ಮನೆಯಲ್ಲೇ ಇದೆ. ಮನೆ ಖಾಲಿ, ಹಾಗಾಗಿ ಮೀನಿಗೆ ಅದೇ ಜಾಗ. ತಲೆ, ಮುಳ್ಳು, ಹೊಟ್ಟೆಯೊಳಗಿನದೆಲ್ಲ ಅಂಗಡಿಯಲ್ಲೇ ತೆಗೆಸುತ್ತೇನೆ. ಲಿವರ್ ಅಂತ ಬರೆದಿದ್ದೀಯ, ಅದನ್ನು ದೂರದಿಂದ ನೋಡಿದೆ, ಕೈ ಬರಲಿಲ್ಲ. ಆದರೆ ಮೀನನ್ನು ಮಾತ್ರ ಅಚ್ಚುಕಟ್ಟಾಗಿ ಕೊಡುತ್ತಿದ್ದೇನೆ. ಸಣ್ಣಗೆ ಹೆಚ್ಚಿ, ಅರಿಶಿನದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೀರು ತಿಳಿಯಾಗುವವರೆಗೂ ತೊಳೆಯುತ್ತೇನೆ. ಅಮ್ಮ ಮಡಿಯಡಿಗೆಗೆ ಬೇಳೆ ತೊಳೆಯುವಾಗಲೂ ಇಷ್ಟು ತೊಳೆದಿರಲಿಕ್ಕಿಲ್ಲ. ಕೊನೆಗೆ ವಾಸನೆಯೇ ಇರುವುದಿಲ್ಲ, ಬಿಳೀ ಬಟ್ಟೆಯ ಚೂರಿನ ಹಾಗಿರುತ್ತದೆ. ಚಪ್ಪರಿಸಿಕೊಂಡು ತಿನ್ನುತ್ತದೆ.

ಸಮರ್ಥನಿಗೆ ಯುಗಾದಿ ಕಳೆಯುತ್ತಲೂ ಫೋನ್ ಮಾಡುತ್ತೇನೆ. ಹಬ್ಬಕ್ಕೊಂದು ಜೀವ ಮನೆಯಲ್ಲಿರಲಿ.

ಮಾಧವಿ


ಬಸವನಗುಡಿ
8 ಏಪ್ರಿಲ್ 2024

ಕುಮಾರಿ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ಆದರೂ ತಡೆಯಲಾರದೆ ಬರೆಯುತ್ತಿದ್ದೇನೆ. ನಾಳೆ ಯುಗಾದಿ.

ಮೂರು ನಾಲ್ಕು ದಿನದಿಂದ ನಮ್ಮ ಗರುಡ ಆಕಾಶ ನೋಡಲು ಶುರು ಮಾಡಿದೆ. ಬೆಳಿಗ್ಗೆ ಕಿಟಕಿ ತೆರೆದು ನಾನು ಸೂರ್ಯನಿಗೆ ಕೈಮುಗಿಯುತ್ತೇನಲ್ಲ, ಆಗ ಅದೂ ಕತ್ತನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ, ಕೊಕ್ಕು ಮೇಲೆತ್ತಿ, ಅಲುಗಾಡದೆ ನಿಲ್ಲುತ್ತದೆ. ಎಷ್ಟು ಹೊತ್ತಾದರೂ ಕತ್ತು ಇಳಿಸುವುದಿಲ್ಲ. ಮೇಲೆ ತಾರಸಿಯೇ ಇದ್ದರೂ ಅದಕ್ಕೆ ಆಕಾಶವೇ ಕಾಣುತ್ತಿರಬೇಕು. ಯಾರೂ ಹೇಳಿಕೊಟ್ಟಿಲ್ಲ, ತಾಯಿಯೂ ಇಲ್ಲ, ಆದರೂ ತನ್ನ ಜಾಗ ಎಲ್ಲಿದೆ ಎಂದು ಅದಕ್ಕೆ ಗೊತ್ತಾಗಿದೆ. ನೋಡುತ್ತ ನಿಂತರೆ ಕಣ್ಣು ತುಂಬುತ್ತದೆ.

ಊಟ ಸ್ವಲ್ಪ ಕಡಿಮೆ ಮಾಡಿದೆ. ಕಾಲುಗಳು ಒಮ್ಮೊಮ್ಮೆ ತಡವರಿಸುತ್ತವೆ, ಬಿಸಿಲು ಜಾಸ್ತಿ ಅದಕ್ಕೇ ಇರಬಹುದು. ಬೇವುಬೆಲ್ಲದ ದಿನ ನಿನ್ನನ್ನು ನೆನೆದುಕೊಳ್ಳುತ್ತೇನೆ. ನೀನು ಬೆಲ್ಲ ಆರಿಸಿಕೊಂಡು ಬೇವನ್ನು ಗಿಡದ ಬುಡಕ್ಕೆ ಹಾಕುತ್ತಿದ್ದದ್ದು ನಾನು ನೋಡಿದ್ದೇನೆ.

ಮಾಧವಿ


ಕ್ಯಾಂಪು
15 ಏಪ್ರಿಲ್ 2024

ಮಾಧವಿ,

ನಾನು ನದಿಯಾಚೆಯ ಊರುಗಳಿಗೆ ಹೋಗಿದ್ದೆ. ನಿನ್ನ ಎರಡೂ ಕಾಗದ ಇವತ್ತು ಒಟ್ಟಿಗೆ ಸಿಕ್ಕವು. ಓದಿದವಳೇ ಚೆಕ್‌ಪೋಸ್ಟಿಗೆ ನಡೆದುಹೋಗಿ ಅಲ್ಲಿನ ಫೋನಿನಿಂದ ನಿನಗೆ ಮತ್ತೆ ಮತ್ತೆ ಮಾಡಿದೆ. ಗೊತ್ತಿಲ್ಲದ ನಂಬರು ಅಂತ ನೀನು ಎತ್ತಲಿಲ್ಲ. ಆಮೇಲೆ ಸಮರ್ಥನಿಗೆ ಮಾಡಿ ನಿನ್ನ ಮನೆಗೆ ಹೋಗಲು ಹೇಳಿದ್ದೇನೆ. ಅವನು ಈಗಾಗಲೇ ಬಂದಿದ್ದರೆ ಈ ಕಾಗದ ಬೇಕಾಗಿಲ್ಲ. ಬಂದಿಲ್ಲದಿದ್ದರೆ ಓದಿದ ಕೂಡಲೇ ಅವನನ್ನು ಕರೆಸು.

ಅದು ಆಕಾಶ ನೋಡುತ್ತಿಲ್ಲ. ಅದು ಕಾಯಿಲೆ. ಕತ್ತು ಅದರ ಮಾತು ಕೇಳದೆ ತಾನಾಗಿ ಹಿಂದಕ್ಕೆ ಹೋಗುತ್ತಿದೆ. ಬಿ-ಒನ್ ಎಂಬ ವಿಟಮಿನ್ ಸಾಲದೆ ಹೋದಾಗ ಮಿದುಳು ಕೆಟ್ಟು ಹೀಗಾಗುತ್ತದೆ. ಮೊದಲು ಊಟ ಬಿಡುತ್ತದೆ, ಕಾಲು ಸೋಲುತ್ತದೆ, ಕತ್ತು ಬಾಗುತ್ತದೆ, ಆಮೇಲೆ ಸೆಳವು ಬಂದು ಬೀಳುತ್ತದೆ. ಬಿಟ್ಟರೆ ಸಾಯುತ್ತದೆ.

ಬಿ-ಒನ್ ನೀರಿನಲ್ಲಿ ಕರಗುತ್ತದೆ ಮಾಧವಿ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಹಸುವಿನ ಕಲಗಚ್ಚಿಗೆ ಯಾಕೆ ಹಾಕುತ್ತಿದ್ದರು? ಸಾರವೆಲ್ಲ ಅದರಲ್ಲಿರುತ್ತೆ ಅಂತ. ನೀನು ರಾತ್ರಿಯಿಡೀ ನೆನೆಹಾಕಿ, ತಿಳಿಯಾಗುವವರೆಗೂ ತೊಳೆದು, ಇದ್ದದ್ದನ್ನೆಲ್ಲ ಮೋರಿಗೆ ಬಿಟ್ಟೆ. ಸಾಲದ್ದಕ್ಕೆ ಕೆಲವು ಹಸಿ ಮೀನಿಗೇ ಆ ವಿಟಮಿನ್ನನ್ನು ಕೆಡಿಸುವ ಗುಣವಿದೆ, ಬರೀ ಮೀನು ಬೇಡ ಅಂದದ್ದು ಅದಕ್ಕೇ. ಲಿವರಿನಲ್ಲಿ ಅದು ಧಾರಾಳವಾಗಿತ್ತು, ಅದನ್ನು ನೀನು ಮುಟ್ಟಲಿಲ್ಲ.

ಬೈಯುತ್ತಿಲ್ಲ. ಕೈಮೀರುವ ಮುಂಚೆ ಇಂಜೆಕ್ಷನ್ ಬಿದ್ದರೆ ಬದುಕುತ್ತದೆ, ಕತ್ತು ಅದೇ ದಿನ ಇಳಿದರೂ ಇಳಿಯಬಹುದು. ತಡ ಮಾಡಬೇಡ.

ಶಿವಕುಮಾರಿ


ಬಸವನಗುಡಿ
17 ಏಪ್ರಿಲ್ 2024

ಶಿವಕುಮಾರಿ ಅವರಿಗೆ,

ನೀವು ನನ್ನ ಬಾಗಿಲಿಗೆ ಜನ ಕಳಿಸುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ನಿನ್ನೆ ಆ ಸಮರ್ಥ ಎಂಬುವರು ಬಂದರು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಎದುರು ಮನೆಯ ಕಲ್ಯಾಣಮ್ಮ ವರಾಂಡದಲ್ಲಿ ನಿಂತು ಕತ್ತು ಚಾಚಿದರು. ನನ್ನ ಹತ್ತಿರ ಯಾವ ಹಕ್ಕಿಯೂ ಇಲ್ಲ ಎಂದು ಹೇಳಿ ಕಳಿಸಿದೆ. ಅದಕ್ಕೆ ಕಾಯಿಲೆ ಇರಬಹುದು ಅಂತ ಅವರು ಏನೋ ಹೇಳಲು ಹೊರಟರು, ನಾನು ಬಾಗಿಲು ಹಾಕಿಕೊಂಡೆ. ಆಗ ಅದನ್ನು ದೇವರಕೋಣೆಯಲ್ಲಿ ಇಟ್ಟಿದ್ದೆ. ಕೂಗಿಬಿಟ್ಟರೆ ಏನು ಗತಿ ಎಂದು ಕಿವಿ ಅತ್ತಲೇ ಇತ್ತು. ಕೂಗಲಿಲ್ಲ. ಈಚೆಗೆ ಅದು ಕೂಗುವುದೇ ಕಡಿಮೆ.

ಕಾಯಿಲೆಯ ಹೆಸರು ಹೇಳಿದರೆ ಹೆದರಿ ಕೊಟ್ಟುಬಿಡುತ್ತಾಳೆ ಎಂದು ನೀವಿಬ್ಬರೂ ಮಾತಾಡಿಕೊಂಡಿರಬೇಕು. ಅದು ಹಾರಲು ಪ್ರಯತ್ನ ಮಾಡುತ್ತಿದೆ. ರೆಕ್ಕೆ ಬಡಿಯುತ್ತದೆ, ಆಯ ತಪ್ಪಿ ಬೀಳುತ್ತದೆ, ನಾನು ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತೇನೆ. ಮೊದಮೊದಲು ಎಲ್ಲ ಮರಿಗಳೂ ಬೀಳುತ್ತವೆ.

ಅಮ್ಮನ ಮಂಡಿನೋವು ಕೇಳಿದ್ದಿರಿ. ಅಮ್ಮ ಇಲ್ಲ. ಕಾರ್ತಿಕದಲ್ಲೇ ಹೋದಳು. ನಿಮಗೆ ತಿಳಿಸಿದ್ದರೆ ನೀವು ಪಾಪ ಅನ್ನಬೇಕಾಗುತ್ತಿತ್ತು, ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಸಾಯಂಕಾಲ ಲೈಬ್ರರಿಯಿಂದ ಬಂದು ಬೀಗ ತೆಗೆದರೆ ಒಳಗೆ ಉಸಿರಾಡುವ ಜೀವ ಎಂದು ಇರುವುದು ಅದೊಂದೇ. ಅದನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಲು ಜನ ಕಳಿಸಿದಿರಿ.

ಇನ್ನು ಬರೆಯಬೇಡಿ.

ಮಾಧವಿ


ಬಸವನಗುಡಿ
22 ಏಪ್ರಿಲ್ 2024

ಕುಮಾರಿ,

ನಿನ್ನ ಕಾಗದ ಶನಿವಾರ ಬಂತು. ಒಡೆಯದೆ ಹರಿದು ಹಾಕಬೇಕೆಂದು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಒಳಗೆ ಅದು ಬಿದ್ದ ಸದ್ದಾಯಿತು. ಬೆನ್ನ ಮೇಲೆ ಬಿದ್ದು, ಕತ್ತು ಪೂರ್ತಿ ಹಿಂದಕ್ಕೆ ಹೋಗಿ ತಲೆ ಬೆನ್ನಿಗೆ ತಾಗಿತ್ತು. ಕಾಲುಗಳು ಗಾಳಿಯನ್ನು ಹಿಡಿಯುತ್ತಿದ್ದವು. ಅದನ್ನು ಮಡಿಲಲ್ಲಿಟ್ಟುಕೊಂಡೇ ಕಾಗದ ಒಡೆದೆ.

ಓದಿ ಸಮರ್ಥನಿಗೆ ಫೋನ್ ಮಾಡಿದೆ. ಊರಾಚೆಯಿಂದ ಬರಲು ಹೊತ್ತಾಗುತ್ತದೆ, ಅಲ್ಲಿಯವರೆಗೆ ನುಂಗುವ ಹಾಗಿದ್ದರೆ ಲಿವರ್ ಕೊಡಿ ಎಂದರು. ಮರಿಯಣ್ಣನ ಅಂಗಡಿಗೆ ಓಡಿದೆ. ಕೈಚೀಲ ಒಯ್ಯುವುದು ನೆನಪಾಗಲಿಲ್ಲ, ಸೆರಗು ಎಳೆದುಕೊಳ್ಳುವುದೂ ನೆನಪಾಗಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಆಟೋ ಇಳಿದೆ. ಕಲ್ಯಾಣಮ್ಮ ನೋಡಿದರು. ನಾನೂ ಅವರನ್ನು ನೋಡಿದೆ.

ಅಡಿಗೆಮನೆಯಲ್ಲಿ, ಅಮ್ಮ ತರಕಾರಿ ಹೆಚ್ಚುತ್ತಿದ್ದ ಈಳಿಗೆಮಣೆಯ ಮೇಲೆ ಹೆಚ್ಚಿದೆ. ತೊಳೆಯಲಿಲ್ಲ. ಕೈ ನಲ್ಲಿಯ ಕಡೆಗೆ ತಾನಾಗಿ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ರಕ್ತ ಬೆರಳಿಗೆ ಬಿಸಿಯಾಗಿರುತ್ತದೆ ಅಂದುಕೊಂಡಿದ್ದೆ, ತಣ್ಣಗಿತ್ತು. ಕತ್ತು ಹಿಡಿದು ಒಂದೊಂದೇ ಚೂರು ಬಾಯಿಗಿಟ್ಟೆ. ಅರ್ಧ ನುಂಗಿತು, ಅರ್ಧ ನನ್ನ ಸೀರೆಯ ಮೇಲೆ ಬಿತ್ತು.

ಸಮರ್ಥ ಬಂದು ಇಂಜೆಕ್ಷನ್ ಕೊಟ್ಟರು. ಮೊನ್ನೆ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ ಅಂದೆ. "ಅವತ್ತು ಇದು ಒಳಗಿದೆ ಅಂತ ನಂಗೆ ಗೊತ್ತಿತ್ತು ಮೇಡಂ, ಮೀನಿನ ವಾಸನೆ ಬರ್ತಿತ್ತು" ಅಂದರು. ಅಷ್ಟು ತೊಳೆದರೂ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಾಯಂಕಾಲದ ಹೊತ್ತಿಗೆ ಕತ್ತು ಇಳಿಯಿತು ಕುಮಾರಿ. ನಿಧಾನವಾಗಿ ಇಳಿದು, ನೇರವಾಗಿ ನನ್ನ ಮುಖವನ್ನು ನೋಡಿತು. ಎಷ್ಟೋ ದಿನದಿಂದ ಅದು ನನ್ನನ್ನು ನೋಡಿರಲೇ ಇಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ಆಮೇಲೆ ಪೆಟ್ಟಿಗೆಯಲ್ಲಿ ನಾನೇ ಇಟ್ಟೆ. ಕೊಟ್ಟುಬಿಟ್ಟೆ.

ಇನ್ನು ಬರೆಯಬೇಡಿ ಎಂದು ಬರೆದದ್ದು ನಿನಗೆ ಇದಕ್ಕಿಂತ ಮುಂಚೆ ತಲುಪಿರುತ್ತದೆ. ಬರೆ.

ಮಾಧವಿ


ಕ್ಯಾಂಪು
6 ಮೇ 2024

ಮಾಧವಿ,

ಬರೆಯಬೇಡಿ ಅಂದದ್ದೂ ಬರೆ ಅಂದದ್ದೂ ಒಂದೇ ಜೀಪಿನಲ್ಲಿ ಬಂದವು. ನಾನು ಎರಡನೆಯದನ್ನು ಮೊದಲು ಒಡೆದೆ, ನನ್ನ ಪುಣ್ಯ.

ನಿಮ್ಮಮ್ಮನ ವಿಷಯ. ನೀನು ಅಂದದ್ದು ಸರಿ, ಪಾಪ ಅನ್ನಲು ನನಗೆ ಸುಲಭವಾಗುತ್ತಿರಲಿಲ್ಲ. ಆದರೆ ಟೈಫಾಯಿಡ್ ಬಂದಾಗ ದಿನಾ ಎರಡು ಹೊತ್ತು ಗಂಜಿ ಕಾಯಿಸಿ ಮೆಟ್ಟಿಲಿಳಿದು ತಂದುಕೊಟ್ಟವರೂ ಅವರೇ. ಮಂಡಿನೋವಿನಲ್ಲೂ ಇಳಿಯುತ್ತಿದ್ದರು. ಆ ಮನೆಯಲ್ಲಿ ನನಗೆ ನೋವಾದದ್ದು ಅವರಿಂದಲ್ಲ. ಅವರು ಮನೆ ಬಿಡು ಅಂದಾಗ ನೀನು ಮೆಟ್ಟಿಲ ಮೇಲೆ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಇದನ್ನು ಒಂದು ಸಲ ಹೇಳಬೇಕಿತ್ತು, ಹೇಳಿದ್ದೇನೆ.

ಈಗ ಗರುಡ. ಸಮರ್ಥನ ಹತ್ತಿರ ಮಾತಾಡಿದೆ. ವಿಟಮಿನ್ ಕೊರತೆ ನೀಗಿದೆ, ಚೆನ್ನಾಗಿ ತಿನ್ನುತ್ತಿದೆ. ಕಷ್ಟ ಬೇರೆ ಇದೆ. ಅಲ್ಲಿ ಬೇರೆ ಗರುಡನ ಮರಿಗಳಿವೆ, ಅವುಗಳ ಜೊತೆ ಬಿಟ್ಟರೆ ಇದು ಮೂಲೆಗೆ ಹೋಗಿ ಬಾಗಿಲನ್ನೇ ನೋಡುತ್ತ ಕೂರುತ್ತದಂತೆ. ಸೀರೆಯುಟ್ಟ ಹೆಂಗಸರು ಯಾರು ಹಾದುಹೋದರೂ ಕೂಗುತ್ತದಂತೆ. ಈ ಚಟ ಬಿಡದಿದ್ದರೆ ಅದನ್ನು ಹೊರಗೆ ಬಿಡಲಾಗುವುದಿಲ್ಲ. ಮನುಷ್ಯರನ್ನು ನಂಬಿ ಹತ್ತಿರ ಹೋದ ಹಕ್ಕಿಗೆ ಹೊರಗೆ ಉಳಿಗಾಲವಿಲ್ಲ.

ನೀನು ನೋಡಲು ಹೋಗಬೇಡ. ಒಂದು ಸಲವೂ ಹೋಗಬೇಡ. ಇದು ಮಾತ್ರೆಗಿಂತ ದೊಡ್ಡ ಔಷಧಿ, ಇದನ್ನು ಕೊಡಲು ನಿನ್ನಿಂದ ಮಾತ್ರ ಆಗುತ್ತದೆ.

ಶಿವಕುಮಾರಿ


ಬಸವನಗುಡಿ
24 ಜೂನ್ 2024

ಕುಮಾರಿ,

ಹೋಗಿಲ್ಲ. ಒಂದು ಭಾನುವಾರ ಬಸ್ ಸ್ಟಾಪಿನವರೆಗೆ ಹೋಗಿದ್ದೆ. ಆ ಕಡೆಯ ಬಸ್ಸು ಬಂತು, ನಿಂತಿತು, ಕಂಡಕ್ಟರು ಹತ್ತಿ ಹತ್ತಿ ಅಂದ. ಹತ್ತಲಿಲ್ಲ. ಗಾಂಧಿ ಬಜಾರಿನಲ್ಲಿ ಬೇಡದಿದ್ದರೂ ಸೇವಂತಿಗೆ ಕೊಂಡುಕೊಂಡು ವಾಪಸು ಬಂದೆ.

ಮೆಟ್ಟಿಲ ವಿಷಯ ನೀನು ಬರೆದಿದ್ದೆ. ಉತ್ತರ ಬರೆದು ಬರೆದು ಹರಿದು ಹಾಕಿದೆ, ಅದಕ್ಕೇ ಇಷ್ಟು ತಡವಾಯಿತು.

ಕಲ್ಯಾಣಮ್ಮ ಬಂದು, "ಆ ಸಂಬಂಧ ಏನಾಯ್ತೇ?" ಅಂದರು. ತಪ್ಪಿಹೋಯ್ತು ಅಂದೆ. ಪಾಪ, ನನಗಿಂತ ಅವರಿಗೇ ಹೆಚ್ಚು ಬೇಜಾರಾಯಿತು. ಮಾರನೆಯ ದಿನ ಒಂದು ಡಬ್ಬಿ ಹುಳಿಯನ್ನ ತಂದುಕೊಟ್ಟರು. ಪ್ಲಾಸ್ಟಿಕ್ ಕವರಿನ ಮಾತನ್ನು ಇವತ್ತಿನವರೆಗೂ ಎತ್ತಿಲ್ಲ.

ಕಲಾಸಿಪಾಳ್ಯಕ್ಕೆ ತರಕಾರಿಗೆಂದು ಹೋದಾಗ ಮರಿಯಣ್ಣ ಕಂಡ. "ಅಮ್ಮಾ, ನಿಮಗೇ ಅಂತ ಲಿವರ್ ಎತ್ತಿಟ್ಟಿದೀನಿ" ಅಂದ. ಈಗ ಬೇಡ ಎನ್ನಲು ಬಾಯಿ ಬರಲಿಲ್ಲ. ತಂದು ತಾರಸಿಯ ಮೇಲೆ ತಟ್ಟೆಯಲ್ಲಿಟ್ಟೆ, ಕಾಗೆಗಳು ತಿಂದವು. ಈಗ ವಾರಕ್ಕೊಮ್ಮೆ ಹಾಗೇ ಆಗಿದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ಗೇಟಿನ ಮೇಲೆ ಅಮ್ಮ ಬರೆಸಿದ್ದ ಬೋರ್ಡು ನೆನಪಿದೆಯಲ್ಲ, ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ. ಎರಡನೆಯ ಸಾಲಿಗೆ ಬಣ್ಣ ಬಳಿದೆ. ಆಮೇಲೆ ಯೋಚಿಸಿ ಬೋರ್ಡನ್ನೇ ಇಳಿಸಿ ಒಳಗಿಟ್ಟೆ. ಯಾರೋ ಬಂದು ಕೇಳಿದರು, ಕೊಟ್ಟಾಗಿದೆ ಅಂದೆ.

ನಿನ್ನ ಲಸಿಕೆಯ ಕೆಲಸ ಈ ಮಳೆಗಾಲದಲ್ಲೇ ಮುಗಿಯುತ್ತದೆ ಎಂದು ಸಮರ್ಥ ಹೇಳಿದರು. ಬಂದುಬಿಡು. ಫ್ರಿಜ್ಜು ತಿಕ್ಕಿ ಇಟ್ಟಿದ್ದೇನೆ. ನಿನಗೆ ಬೇಕಾದ್ದು ಬೇಯಿಸಿಕೊ. ನನಗೆ ತಿನ್ನಲು ಆಗುವುದಿಲ್ಲ, ಎದುರಿಗೆ ಕೂತಿರುತ್ತೇನೆ.

ಮಾಧವಿ


ಕ್ಯಾಂಪು
1 ಆಗಸ್ಟ್ 2024

ಮಾಧವಿ,

ಸುದ್ದಿ ಕೇಳು. ಗರುಡನನ್ನು ಬಿಟ್ಟರು. ಕೆರೆಯ ದಂಡೆಯಲ್ಲಿ, ಇನ್ನೆರಡು ಮರಿಗಳ ಜೊತೆ. ಪೆಟ್ಟಿಗೆ ತೆರೆದ ಮೇಲೆ ಸ್ವಲ್ಪ ಹೊತ್ತು ಸಮರ್ಥನ ಕಡೆ ನೋಡುತ್ತ ಕೂತಿತ್ತಂತೆ. ಅವನು ಬೆನ್ನು ತಿರುಗಿಸಿ ನಿಂತನಂತೆ. ತಿರುಗಿ ನೋಡಿದಾಗ ಮೂರೂ ನೀರಿನ ಮೇಲೆ ಸುತ್ತುತ್ತಿದ್ದವು, ಯಾವುದು ನಿನ್ನದು ಎಂದು ಅವನಿಗೂ ಗೊತ್ತಾಗಲಿಲ್ಲವಂತೆ.

ಅದು ನಿನ್ನ ತಾರಸಿಗೆ ಬಂದರೆ ನಾವು ಸೋತ ಹಾಗೆ. ಬರದಿದ್ದರೆ ಗೆದ್ದ ಹಾಗೆ. ತಟ್ಟೆ ಇಡುವುದನ್ನು ಬಿಡು. ಅದು ಬರದಿರುವುದೇ ಒಳ್ಳೆಯ ಸುದ್ದಿ ಎಂದು ತಿಳಿ.

ಇಲ್ಲಿ ಮಳೆ ಬಿಟ್ಟಿಲ್ಲ. ಕರುಗಳಿಗೆ ಹೊಟ್ಟೆಯ ಹುಳುವಿನ ಔಷಧಿ ಹಾಕುವುದು ಇನ್ನೂ ಬಾಕಿ ಇದೆ. ಜೀಪು ಹೊರಟಿತು, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಶಿವಕುಮಾರಿ


ಬಸವನಗುಡಿ
19 ಸೆಪ್ಟೆಂಬರ್ 2024

ಕುಮಾರಿ,

ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೆಳಗಿನ ಮನೆಯ ಮಾತು ಎಲ್ಲೂ ಇರಲಿಲ್ಲ. ಜೀಪು ಹೊರಟಿತ್ತಲ್ಲ, ಮುಂದಿನ ಕಾಗದದಲ್ಲಿ ಬರೆಯುತ್ತೀಯ ಎಂದು ಕಾದೆ. ಗೌರಿ ಹಬ್ಬ ಕಳೆಯಿತು. ಕೆಳಗಿನ ಮನೆಯನ್ನು ವಾರಕ್ಕೊಮ್ಮೆ ಗುಡಿಸಿ ಒರೆಸುತ್ತೇನೆ. ಫ್ರಿಜ್ಜು ಓಡುತ್ತಿದೆ, ಒಳಗೆ ನೀರಿನ ಬಾಟಲಿ ಬಿಟ್ಟರೆ ಏನಿಲ್ಲ.

ತಟ್ಟೆ ಇಡುವುದನ್ನು ಬಿಟ್ಟಿದ್ದೇನೆ. ಮರಿಯಣ್ಣನಿಗೂ ಹೇಳಿದೆ. ಬೆಳಿಗ್ಗೆ ಕೈಮುಗಿಯುವಾಗ ಮಾತ್ರ ಮೇಲೆ ನೋಡುತ್ತೇನೆ, ಅಷ್ಟನ್ನು ನೀನು ಬೇಡ ಅಂದಿಲ್ಲ. ಒಂದೊಂದು ದಿನ ದೂರದಲ್ಲಿ ಗರುಡ ಕಾಣುತ್ತದೆ. ಯಾವುದೂ ಇಳಿದು ಬರುವುದಿಲ್ಲ. ನಿನ್ನೆಯೂ ಬರಲಿಲ್ಲ, ಇವತ್ತೂ ಬರಲಿಲ್ಲ. ಒಳ್ಳೆಯ ಸುದ್ದಿ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬರದಿರುವುದನ್ನು ಮಾತ್ರ ಒಳ್ಳೆಯ ಸುದ್ದಿ ಅಂದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಮಾಧವಿ